ಎರಡು ಸಾಲುಗಳ ನಡುವೆ ಬರುವ ಕರೆ: ಕಂಪ್ಯೂಟರಿನ ‘ಇಂಟರಪ್ಟ್’ ಓದಿ ಸಹಿ ಹಾಕುವವರು

ಮುಂಬಯಿ, ಪುಣೆ, ಹೈದರಾಬಾದಿನ ಕನ್ನಡ ಸಂಘಗಳ ಸ್ನೇಹ ಸಮ್ಮಿಲನಗಳಲ್ಲಿ ಊಟಕ್ಕೆ ಕುಳಿತಾಗ ಕೇಳಿಬರುವ ಸಂಭಾಷಣೆಯೊಂದಿದೆ. ‘ಮಗ ಈಗ ಏನು ಮಾಡ್ತಾನೆ ಮಾರಾಯ್ರೆ?’ ‘ಸಾಫ್ಟ್‌ವೇರ್‌ನಲ್ಲಿದ್ದಾನೆ.’ ಅಲ್ಲಿಗೆ ಮಾತು ಮುಗಿಯುತ್ತದೆ, ಪಾಯಸ ಬರುತ್ತದೆ. ಹಿಂದೆಲ್ಲ ‘ಬ್ಯಾಂಕಿನಲ್ಲಿದ್ದಾನೆ’ ಎಂದರೆ ಕ್ಯಾಶೋ, ಕ್ಲಿಯರಿಂಗೋ, ಯಾವ ಬ್ರಾಂಚು ಎಂದು ನಾಲ್ಕು ಮರುಪ್ರಶ್ನೆಗಳಾದರೂ ಇರುತ್ತಿದ್ದವು. ಸಾಫ್ಟ್‌ವೇರಿಗೆ ಮರುಪ್ರಶ್ನೆ ಇಲ್ಲ. ಕೇಳುವವರಿಗೂ ಗೊತ್ತಿಲ್ಲ, ಹೇಳುವ ತಂದೆಗೂ ಗೊತ್ತಿಲ್ಲ.

ಆ ಒಂದು ಶಬ್ದದ ಒಳಗೆ ನೂರಾರು ಬಗೆಯ ಕೆಲಸಗಳಿವೆ. ಅವುಗಳಲ್ಲಿ ಒಂದು, ಬೇರೆಯವರು ಬರೆದ ಡ್ರೈವರಿನ ಇಂಟರಪ್ಟ್ ಭಾಗವನ್ನು ಸಾಲು ಸಾಲಾಗಿ ಓದಿ, ತಪ್ಪು ಹುಡುಕಿ, ಸರಿ ಕಂಡರೆ ಮಾತ್ರ ಹೆಸರು ಹಾಕುವುದು. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಇದು ಚೆಕಿಂಗ್ ಆಫೀಸರನ ಕೆಲಸ. ಪೋಸ್ಟಿಂಗ್ ಮಾಡಿದವನು ಒಬ್ಬ, ಅದರ ಪಕ್ಕದಲ್ಲಿ ಇನಿಶಿಯಲ್ ಹಾಕುವವನು ಇನ್ನೊಬ್ಬ. ತಪ್ಪು ಹೊರಬಿದ್ದ ದಿನ ಇಬ್ಬರನ್ನೂ ಕರೆಯುತ್ತಾರೆ. ಈ ಓದುವ ಕೆಲಸ ಏಕೆ ಇಷ್ಟು ಕಷ್ಟದ್ದು, ಯಂತ್ರದಲ್ಲಿ ಹಾಕಿ ಪರೀಕ್ಷೆ ಮಾಡಿದರೆ ಸಾಲದೇ ಎಂಬುದನ್ನು ತಿಳಿಯಲು ಸ್ವಲ್ಪ ಒಳಗೆ ಹೋಗಬೇಕಾಗುತ್ತದೆ.

ಸೇನೆಯ ಕರ್ನಲ್ ಅಲ್ಲ, ಟ್ಯಾಕ್ಸಿಯ ಡ್ರೈವರ್ ಅಲ್ಲ

ಕಂಪ್ಯೂಟರಿನಲ್ಲಿ ‘ಕರ್ನಲ್’ ಎಂದರೆ ಸೇನಾಧಿಕಾರಿಯಲ್ಲ, ಕಾಳಿನೊಳಗಿನ ತಿರುಳು ಎಂಬ ಅರ್ಥ. ನಾವು ಪರದೆಯಲ್ಲಿ ಕಾಣುವ ಎಲ್ಲ ಪ್ರೋಗ್ರಾಂಗಳ ಕೆಳಗೆ ಕುಳಿತು ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಇವನ್ನೆಲ್ಲ ಹಂಚಿಕೊಡುವ ಮೂಲ ಕಾರ್ಯಕ್ರಮ ಅದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್ ಇಂದು ನಮ್ಮ ಆಂಡ್ರಾಯ್ಡ್ ಮೊಬೈಲಿನೊಳಗೂ ಇದೆ, ದೊಡ್ಡ ಸರ್ವರುಗಳಲ್ಲೂ ಇದೆ. ಅದರ ಕೋಡ್ ಯಾರು ಬೇಕಾದರೂ ಓದುವಂತೆ ತೆರೆದಿಟ್ಟದ್ದು. ಆದ್ದರಿಂದ ಇಲ್ಲಿನ ಉದಾಹರಣೆಗಳೆಲ್ಲ ಅದರದ್ದೇ.

‘ಡ್ರೈವರ್’ ಎಂದರೆ ಒಂದೊಂದು ಸಾಧನಕ್ಕೆ ಒಂದೊಂದರಂತೆ ಬರೆದ ಭಾಗ. ಕೀಬೋರ್ಡಿಗೆ ಒಂದು, ನೆಟ್‌ವರ್ಕ್ ಕಾರ್ಡಿಗೆ ಒಂದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರ ತೆರೆದ ನಂತರ ಒಂದರ ಹಿಂದೆ ಒಂದರಂತೆ ಚಿಪ್ ಕಂಪೆನಿಗಳು ಅಲ್ಲಿಗೆ ಬಂದವು. ಚಿಪ್ ಬಂದಲ್ಲಿ ಡ್ರೈವರ್ ಬೇಕೇ ಬೇಕು. ನಮ್ಮವರ ಮಕ್ಕಳು ಈ ಕೆಲಸಕ್ಕೆ ಸೇರಿದ್ದು ಹೀಗೆ.

ಈ ಸಾಧನಗಳು ಪ್ರೊಸೆಸರನ್ನು ಕರೆಯುವ ವಿಧಾನವೇ ಇಂಟರಪ್ಟ್. ಟೇಬಲಿನ ಮೇಲೆ ತಲೆ ತಗ್ಗಿಸಿ ಟೋಟಲ್ ಹಾಕುತ್ತಿರುವ ಗುಮಾಸ್ತನನ್ನು ಬೆಲ್ ಒತ್ತಿ ಕರೆದ ಹಾಗೆ. ಬೆಲ್ ಇಲ್ಲದಿದ್ದರೆ ಆತ ಪ್ರತಿ ನಿಮಿಷ ಎದ್ದು ಹೋಗಿ ‘ಯಾರಾದರೂ ಬಂದಿದ್ದಾರೆಯೇ’ ಎಂದು ನೋಡಿ ಬರಬೇಕಾಗುತ್ತಿತ್ತು. ಬೆಲ್ ಆದಾಗ ಪ್ರೊಸೆಸರ್ ತಾನು ಎಲ್ಲಿದ್ದೆ ಎಂಬುದನ್ನು ಗುರುತು ಹಾಕಿಟ್ಟು, ಡ್ರೈವರಿನಲ್ಲಿ ಅದಕ್ಕಾಗಿಯೇ ಬರೆದ ‘ಹ್ಯಾಂಡ್ಲರ್’ ಎಂಬ ಭಾಗವನ್ನು ನಡೆಸಿ, ಮತ್ತೆ ಬಿಟ್ಟಲ್ಲಿಗೇ ಬರುತ್ತದೆ. ಅರ್ಧಕ್ಕೆ ಬಿಟ್ಟು ಹೋದ ಕೆಲಸಕ್ಕೆ ತನ್ನನ್ನು ಯಾರೋ ಎಬ್ಬಿಸಿದರು ಎಂಬುದೇ ಗೊತ್ತಾಗುವುದಿಲ್ಲ. ಬಿಡುವಿಲ್ಲದ ಯಂತ್ರದಲ್ಲಿ ಇದು ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ.

ಹಳೆಯ ಭಯ

ಇಂಟರಪ್ಟ್ ಎಂದರೆ ಭಯಪಟ್ಟವರಲ್ಲಿ ಸಾಮಾನ್ಯರಲ್ಲದವರೂ ಇದ್ದರು. ಗಣಕ ವಿಜ್ಞಾನದ ದಿಗ್ಗಜರಲ್ಲಿ ಒಬ್ಬರೆನಿಸಿದ ನೆದರ್‌ಲ್ಯಾಂಡ್ಸಿನ ಎಡ್ಸ್‌ಗರ್ ಡೈಕ್‌ಸ್ಟ್ರ 1950ರ ದಶಕದ ಕೊನೆಯಲ್ಲಿ ಎಕ್ಸ್-1 ಎಂಬ ಯಂತ್ರಕ್ಕೆ ಪ್ರೋಗ್ರಾಂ ಬರೆಯುತ್ತಿದ್ದರು. ಯಂತ್ರ ಕಟ್ಟುತ್ತಿದ್ದ ಸಹೋದ್ಯೋಗಿಗಳಾದ ಲೂಪ್‌ಸ್ಟ್ರ ಮತ್ತು ಸ್ಕಾಲ್ಟನ್ ಅದರಲ್ಲಿ ಇಂಟರಪ್ಟ್ ಸೌಲಭ್ಯ ಇಡೋಣ ಎಂದಾಗ ಡೈಕ್‌ಸ್ಟ್ರ ಒಪ್ಪಲಿಲ್ಲ. ತಿಂಗಳುಗಟ್ಟಲೆ ತೀರ್ಮಾನವನ್ನು ಮುಂದೂಡಿದರು. ಕೊನೆಗೆ ಆ ಇಬ್ಬರು ಸ್ವಲ್ಪ ಹೊಗಳಿ, ಉಬ್ಬಿಸಿ ತಮ್ಮನ್ನು ಒಪ್ಪಿಸಿದರು ಎಂದು ಅವರೇ ಬಹಳ ವರ್ಷಗಳ ನಂತರ ನೆನಪಿಸಿಕೊಂಡು ಬರೆದಿದ್ದಾರೆ. ಒಪ್ಪಿದ ಮೇಲೆ ಆ ಯಂತ್ರದ ಇಂಟರಪ್ಟ್ ನಿರ್ವಹಣೆಯ ಪ್ರೋಗ್ರಾಂ ಬರೆದವರೂ ಅವರೇ. 1959ರಲ್ಲಿ ಅವರಿಗೆ ಡಾಕ್ಟರೇಟ್ ಬಂದದ್ದು ಈ ಕೆಲಸಕ್ಕೆ.

ಅವರ ಭಯಕ್ಕೆ ಕಾರಣ ಇಷ್ಟೆ. ಸಾಮಾನ್ಯ ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ, ಅದೇ ಲೆಕ್ಕ ಕೊಟ್ಟಾಗ ಅದೇ ತಪ್ಪು ಮತ್ತೆ ಬರುತ್ತದೆ, ಹಿಡಿದು ತಿದ್ದಬಹುದು. ಇಂಟರಪ್ಟ್ ಇದ್ದಾಗ ಹಾಗಲ್ಲ. ಬೆಲ್ ಯಾವ ಎರಡು ಸಾಲುಗಳ ನಡುವೆ ಹೊಡೆಯುತ್ತದೆ ಎಂಬುದು ಪ್ರತಿ ಸಲವೂ ಬೇರೆ. ಇವತ್ತು ಕಂಡ ತಪ್ಪು ನಾಳೆ ಕಾಣದು. ಮತ್ತೆ ಮಾಡಿ ತೋರಿಸಲಾಗದ ತಪ್ಪನ್ನು ಹಿಡಿಯುವುದು ಹೇಗೆ?

ಬ್ಯಾಂಕಿನ ಲೆಡ್ಜರಿನಿಂದಲೇ ಒಂದು ಉದಾಹರಣೆ ನೋಡೋಣ. ಗುಮಾಸ್ತ ಲೆಡ್ಜರ್ ತೆರೆದು ಬ್ಯಾಲೆನ್ಸ್ 100 ಎಂದು ಓದಿದ. ಅದರಲ್ಲಿ 1 ಕಳೆದು 99 ಎಂದು ಬರೆಯಬೇಕು. ಪೆನ್ನು ಎತ್ತುವಷ್ಟರಲ್ಲಿ ಬೆಲ್ ಆಯಿತು. ಬೆಲ್ಲಿನ ಕೆಲಸ ಏನೆಂದರೆ ಅದೇ ಖಾತೆಗೆ 1 ಜಮೆ ಮಾಡುವುದು. 101 ಎಂದು ಬರೆದು ಆಯಿತು. ಮರಳಿ ಹಳೆಯ ಕೆಲಸಕ್ಕೆ ಬಂದ ಗುಮಾಸ್ತನ ತಲೆಯಲ್ಲಿ ಇನ್ನೂ 100 ಇದೆ. 99 ಎಂದು ಬರೆದುಬಿಟ್ಟ. ಸರಿಯಾದ ಬ್ಯಾಲೆನ್ಸ್ 100. ಒಂದು ಜಮೆ ಯಾರಿಗೂ ತಿಳಿಯದಂತೆ ಮಾಯವಾಯಿತು. ಡ್ರೈವರಿನಲ್ಲಿ ಈ ‘ಓದು’ ಮತ್ತು ‘ಬರೆ’ಗಳ ನಡುವಿನ ಅಂತರ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗ. ಲ್ಯಾಬಿನಲ್ಲಿ ಒಂದು ವಾರ ಓಡಿಸಿದರೂ ಬೆಲ್ ಸರಿಯಾಗಿ ಆ ಜಾಗದಲ್ಲೇ ಹೊಡೆಯದಿರಬಹುದು. ಲಕ್ಷ ಗಿರಾಕಿಗಳ ಕೈಗೆ ಹೋದ ಮೇಲೆ ಎಲ್ಲೋ ಒಂದು ಕಡೆ ಹೊಡೆದೇ ಹೊಡೆಯುತ್ತದೆ.

ಆದ್ದರಿಂದಲೇ ಈ ಕೋಡಿಗೆ ಓದುವವರು ಬೇಕು. ಓದುವವರ ವಿದ್ಯೆ ಎಂದರೆ ಪ್ರತಿ ಎರಡು ಸಾಲುಗಳ ನಡುವೆ ಬೆರಳಿಟ್ಟು ‘ಈಗ ಇಲ್ಲಿ ಬೆಲ್ ಆದರೆ?’ ಎಂದು ಕೇಳಿಕೊಳ್ಳುವುದು. ಯಂತ್ರದ ಅದೃಷ್ಟಕ್ಕೆ ಕಾಯದೆ ಮನಸ್ಸಿನಲ್ಲೇ ಬೆಲ್ ಒತ್ತಿ ನೋಡುವುದು.

ತನಗೆ ತಾನೇ ಕಾಯುವ ಗುಮಾಸ್ತ

ಮೇಲಿನ ತಪ್ಪಿಗೆ ಮದ್ದು ಬೀಗ, ಅಂದರೆ ‘ಲಾಕ್’. ಲೆಡ್ಜರ್ ಮುಟ್ಟುವವನು ಮೊದಲು ಬೀಗ ಹಿಡಿಯಬೇಕು, ಮುಗಿದ ಮೇಲೆ ಬಿಡಬೇಕು. ಇನ್ನೊಬ್ಬನಿಗೆ ಬೇಕಿದ್ದರೆ ಬೀಗ ಸಿಗುವವರೆಗೆ ನಿಂತಲ್ಲೇ ಸುತ್ತುತ್ತಿರಬೇಕು. ಕರ್ನಲ್‌ನಲ್ಲಿ ಇದರ ಹೆಸರೇ ‘ಸ್ಪಿನ್‌ಲಾಕ್’. ಕೇಳಲು ಸರಳ. ಹೊಸಬರು ಅತಿ ಹೆಚ್ಚು ಎಡವುವ ಜಾಗವೂ ಇದೇ.

ಗುಮಾಸ್ತ ಬೀಗ ಹಿಡಿದಿದ್ದಾನೆ ಎನ್ನೋಣ. ಅದೇ ಹೊತ್ತಿಗೆ ಬೆಲ್. ಎದ್ದು ಹೋದವನು ಅದೇ ಗುಮಾಸ್ತ. ಬೆಲ್ಲಿನ ಕೆಲಸಕ್ಕೂ ಅದೇ ಬೀಗ ಬೇಕು. ಬೀಗ ಯಾರ ಹತ್ತಿರ ಇದೆ? ಅವನ ಹತ್ತಿರವೇ, ಆದರೆ ಅರ್ಧಕ್ಕೆ ಬಿಟ್ಟ ಕೆಲಸದ ಹೆಸರಿನಲ್ಲಿ. ಬೆಲ್ಲಿನ ಕೆಲಸ ಮುಗಿಯದೆ ಹಳೆಯ ಕೆಲಸಕ್ಕೆ ಮರಳುವಂತಿಲ್ಲ, ಹಳೆಯ ಕೆಲಸ ಮುಗಿಯದೆ ಬೀಗ ಬಿಡುವಂತಿಲ್ಲ. ಅವನು ತನಗೆ ತಾನೇ ಕಾಯುತ್ತ ಸುತ್ತುತ್ತಲೇ ಇರುತ್ತಾನೆ. ಯಂತ್ರ ಮರಗಟ್ಟಿದಂತೆ ನಿಲ್ಲುತ್ತದೆ. ಎಷ್ಟೋ ಸಲ ತಪ್ಪು ಸೂಚಿಸುವ ಒಂದಕ್ಷರವೂ ಪರದೆಯ ಮೇಲೆ ಬರುವುದಿಲ್ಲ.

ಇದರಲ್ಲಿ ಒಂದು ಮೋಸವಿದೆ, ಅನುಭವಸ್ಥರು ಇದನ್ನೇ ಮೊದಲು ಹುಡುಕುತ್ತಾರೆ. ಇಂದಿನ ಯಂತ್ರದಲ್ಲಿ ಪ್ರೊಸೆಸರಿನ ಕೋರ್‌ಗಳು ನಾಲ್ಕೋ ಎಂಟೋ ಇರುತ್ತವೆ. ಬೆಲ್ ಬೇರೆ ಕೋರಿಗೆ ಹೋದರೆ ಅಲ್ಲಿನವನು ಕ್ಷಣ ಕಾದು, ಬೀಗ ಸಿಕ್ಕ ಮೇಲೆ ಕೆಲಸ ಮುಗಿಸುತ್ತಾನೆ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಬೀಗ ಹಿಡಿದ ಕೋರಿಗೇ ಬೆಲ್ ಬಂದಾಗ ಮಾತ್ರ ಸಾವು. ಆದ್ದರಿಂದ ಪರೀಕ್ಷೆಯಲ್ಲಿ ಪಾಸಾದ ಡ್ರೈವರ್ ಗಿರಾಕಿಯ ಆಫೀಸಿನಲ್ಲಿ ಮೂರನೇ ದಿನ ನಿಂತುಹೋದರೆ ಆಶ್ಚರ್ಯವಿಲ್ಲ.

ಪರಿಹಾರ ಸಣ್ಣದು. ಬೀಗ ಹಿಡಿಯುವ ಮೊದಲು ತನ್ನ ಕೋರಿನ ಬೆಲ್ಲನ್ನು ಬಂದ್ ಮಾಡಿ, ಬೀಗ ಬಿಟ್ಟ ಮೇಲೆ ಬೆಲ್ ಮೊದಲು ಹೇಗಿತ್ತೋ ಹಾಗೆಯೇ ಇಡುವುದು. ‘ಸ್ಪಿನ್ ಲಾಕ್ ಐಆರ್‌ಕ್ಯೂ ಸೇವ್’ ಎಂಬ ಒಂದು ಕರೆ ಇದನ್ನು ಮಾಡುತ್ತದೆ. ‘ಹೇಗಿತ್ತೋ ಹಾಗೆಯೇ’ ಎಂಬ ಮಾತಿನ ಮೇಲೆ ಒತ್ತು ಕೊಡಬೇಕು. ಮೊದಲೇ ಯಾರೋ ಬಂದ್ ಮಾಡಿಟ್ಟಿದ್ದ ಬೆಲ್ಲನ್ನು ಇವನು ಹೋಗುವಾಗ ಶುರು ಮಾಡಿಬಿಟ್ಟರೆ, ಮೇಲಿನವನ ಲೆಕ್ಕ ಕೆಟ್ಟಿತು. ಒಂದು ಶಬ್ದದ ವ್ಯತ್ಯಾಸ, ಕಣ್ಣಿಗೆ ಬೀಳುವುದೇ ಕಷ್ಟ.

ಈ ಒಂದು ತಪ್ಪನ್ನು ಹಿಡಿಯಲು 2006ರಲ್ಲಿ ಇಂಗೊ ಮೊಲ್ನಾರ್ ಎಂಬ ಹಂಗೇರಿಯ ಪ್ರೋಗ್ರಾಮರ್ ‘ಲಾಕ್‌ಡೆಪ್’ ಎಂಬ ಸಾಧನವನ್ನು ಕರ್ನಲ್‌ಗೆ ಸೇರಿಸಿದರು. ಒಂದು ಬೀಗವನ್ನು ಒಮ್ಮೆ ಹ್ಯಾಂಡ್ಲರಿನಲ್ಲಿಯೂ ಇನ್ನೊಮ್ಮೆ ಬೆಲ್ ಬಂದ್ ಮಾಡದೆಯೂ ಹಿಡಿದದ್ದು ಕಂಡರೆ, ಯಂತ್ರ ಇನ್ನೂ ನಿಲ್ಲದಿದ್ದರೂ ಅದು ಎಚ್ಚರಿಕೆ ಕೊಡುತ್ತದೆ. ಬಹಳ ಜನರ ನಿದ್ದೆ ಉಳಿಸಿದ ಸಾಧನ ಇದು. ಆದರೆ ನಡೆದ ದಾರಿಯನ್ನು ಮಾತ್ರ ಅದು ನೋಡಬಲ್ಲದು. ವರ್ಷಕ್ಕೊಮ್ಮೆ ನಡೆಯುವ ದಾರಿಯನ್ನು ಓದುವವರೇ ನೋಡಬೇಕು.

ಮಲಗಿದರೆ ಎಬ್ಬಿಸುವವರಿಲ್ಲ

ಹ್ಯಾಂಡ್ಲರಿನೊಳಗೆ ಕಟ್ಟುನಿಟ್ಟಾದ ಇನ್ನೊಂದು ನಿಯಮ ಎಂದರೆ ಮಲಗಕೂಡದು. ಸಾಮಾನ್ಯ ಪ್ರೋಗ್ರಾಂ ಏನಾದರೂ ಸಿಗುವವರೆಗೆ ಮಲಗಬಹುದು, ಕರ್ನಲ್ ಅದನ್ನು ಪಕ್ಕಕ್ಕಿಟ್ಟು ಬೇರೆಯವರಿಗೆ ಕೆಲಸ ಕೊಡುತ್ತದೆ. ಹ್ಯಾಂಡ್ಲರ್ ಬಂದಿರುವುದೇ ಯಾರದ್ದೋ ಕೆಲಸವನ್ನು ನಿಲ್ಲಿಸಿ. ಅದಕ್ಕೆ ತನ್ನದೇ ಆದ ಹಾಸಿಗೆಯಿಲ್ಲ. ‘ಇಲ್ಲಿ ಮಲಗುತ್ತೇನೆ’ ಎಂದು ಯಾರೂ ನೇರವಾಗಿ ಬರೆಯುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಹ್ಯಾಂಡ್ಲರ್ ಒಂದು ಫಂಕ್ಷನ್ನನ್ನು ಕರೆಯುತ್ತದೆ, ಅದು ಇನ್ನೊಂದನ್ನು, ನಾಲ್ಕನೆಯ ಮನೆಯಲ್ಲಿ ಯಾರೋ ಮೆಮೊರಿ ಕೇಳುತ್ತ ‘ಸಿಗುವವರೆಗೆ ಕಾಯಲು ಅಡ್ಡಿಯಿಲ್ಲ’ ಎಂದು ಬರೆದಿರುತ್ತಾರೆ. ಮೆಮೊರಿ ಧಾರಾಳವಾಗಿದ್ದ ದಿನ ಕಾಯುವ ಪ್ರಸಂಗವೇ ಬರುವುದಿಲ್ಲ. ಓದುವವರು ನಾಲ್ಕೂ ಮನೆಯ ಬಾಗಿಲು ತಟ್ಟಬೇಕು.

ಈ ವಿಷಯದಲ್ಲಿ 2008ರ ಪ್ರಕರಣವೊಂದು ಹೇಳುವಂಥದ್ದು. ಆ ವರ್ಷದ ಸೆಪ್ಟೆಂಬರಿನಲ್ಲಿ ಲಿನಕ್ಸ್ 2.6.27ರ ಪ್ರಾಯೋಗಿಕ ಆವೃತ್ತಿಗಳನ್ನು ಹಾಕಿಕೊಂಡ ಕೆಲವರ ನೆಟ್‌ವರ್ಕ್ ಕಾರ್ಡುಗಳು ಕೆಟ್ಟುಹೋಗತೊಡಗಿದವು. ಕೆಟ್ಟದ್ದು ಪ್ರೋಗ್ರಾಂ ಅಲ್ಲ, ಕಾರ್ಡಿನೊಳಗಿನ ಶಾಶ್ವತ ಮೆಮೊರಿಯೇ ಅಳಿಸಿಹೋಗಿತ್ತು. ಯಂತ್ರವನ್ನು ಆರಿಸಿ ಹಚ್ಚಿದರೂ ಸರಿಯಾಗುವಂಥದ್ದಲ್ಲ. ಎಲ್ಲವೂ ಇಂಟೆಲ್ ಕಾರ್ಡುಗಳು, ಡ್ರೈವರಿನ ಹೆಸರು ‘ಇ1000ಇ’. ಸಹಜವಾಗಿಯೇ ಡ್ರೈವರಿನ ಮೇಲೆ ಎಲ್ಲರ ಕಣ್ಣು ಬಿತ್ತು. ಅದನ್ನು ಸಾಲು ಸಾಲಾಗಿ ಓದಲಾಯಿತು.

ಓದಿದಾಗ ಸಿಕ್ಕಿದ್ದೇನು? ಕಾರ್ಡಿನ ಆ ಶಾಶ್ವತ ಮೆಮೊರಿಯನ್ನು ಮುಟ್ಟುವ ಮೊದಲು ಡ್ರೈವರ್ ಒಂದು ಗುರುತಿನ ಮೂಲಕ ಹಕ್ಕು ಪಡೆಯಬೇಕಿತ್ತು. ಹಕ್ಕು ಕೂಡಲೇ ಸಿಗದಿದ್ದರೆ ಮಲಗಿ ಕಾಯುವಂತೆ ಬರೆದಿತ್ತು. ಆ ಫಂಕ್ಷನ್ ಇಂಟರಪ್ಟ್ ಸಂದರ್ಭದಿಂದಲೂ ಕರೆಯಲ್ಪಡುತ್ತಿತ್ತು! ತಜ್ಞರ ಕಂಪೆನಿಯೇ ಬರೆದ, ಎಷ್ಟೋ ಯಂತ್ರಗಳಲ್ಲಿ ಓಡುತ್ತಿದ್ದ ಡ್ರೈವರಿನಲ್ಲಿ ಈ ತಪ್ಪು ತೆಪ್ಪಗೆ ಕುಳಿತಿತ್ತು ಎಂಬುದು ಗಮನಾರ್ಹ.

ಆದರೆ ಕಾರ್ಡು ಕೊಂದ ಅಪರಾಧಿ ಇದಲ್ಲ. ಅಕ್ಟೋಬರಿನಲ್ಲಿ ನಿಜ ಹೊರಬಂತು. ‘ಎಫ್‌ಟ್ರೇಸ್’ ಎಂಬ, ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಹೊಸ ಸೌಲಭ್ಯ ತಾನು ಹಿಂದೆ ಗುರುತು ಹಾಕಿಟ್ಟಿದ್ದ ವಿಳಾಸಗಳಿಗೆ ಹೋಗಿ ಬರೆಯುತ್ತಿತ್ತು. ಅಷ್ಟರಲ್ಲಿ ಆ ಜಾಗ ಖಾಲಿಯಾಗಿ, ಅದೇ ವಿಳಾಸದಲ್ಲಿ ನೆಟ್‌ವರ್ಕ್ ಕಾರ್ಡು ಬಂದು ಕುಳಿತಿತ್ತು. ಬಾಡಿಗೆದಾರ ಬದಲಾದದ್ದು ತಿಳಿಯದೆ ಹಳೆಯ ವಿಳಾಸಕ್ಕೆ ಹೋಗಿ ಗಲಾಟೆ ಮಾಡಿದ ಹಾಗೆ. ಡ್ರೈವರ್ ನಿರಪರಾಧಿ ಎಂದು ಬಿಡುಗಡೆಯಾಯಿತು. ಆದರೂ ಆಪಾದನೆಯ ನೆಪದಲ್ಲಿ ಓದಿದಾಗ ಸಿಕ್ಕಿದ ತಪ್ಪುಗಳನ್ನು ಬೇರೆಯಾಗಿಯೇ ತಿದ್ದಿದರು. ‘ಇಂಟರಪ್ಟ್ ಸಂದರ್ಭದಲ್ಲಿ ಎಂದಿಗೂ ಮಲಗಬಾರದು’ ಎಂಬ ಅರ್ಥದ ತಲೆಬರಹದೊಂದಿಗೆ ಆ ತಿದ್ದುಪಡಿ ಇಂದಿಗೂ ದಾಖಲೆಯಲ್ಲಿದೆ. ಕಾರ್ಡುಗಳು ಕೆಡದೇ ಇದ್ದಿದ್ದರೆ ಅದನ್ನು ಯಾರು, ಯಾವಾಗ ಓದುತ್ತಿದ್ದರೋ!

ಇನ್ನೂ ಕೆಲವು

ಒಂದೇ ಬೆಲ್ಲಿಗೆ ಎರಡು ಮೂರು ಸಾಧನಗಳು ಪಾಲುದಾರರಾಗಿರುವುದುಂಟು. ಚಾಳಿನಲ್ಲಿ ಇಡೀ ಮಹಡಿಗೆ ಒಂದೇ ಕರೆಗಂಟೆ ಇದ್ದ ಹಾಗೆ. ಬೆಲ್ ಆದಾಗ ಪ್ರತಿ ಡ್ರೈವರೂ ‘ಇದು ನನ್ನದೇ?’ ಎಂದು ತನ್ನ ಸಾಧನವನ್ನು ಕೇಳಿ, ಅಲ್ಲದಿದ್ದರೆ ‘ನನ್ನದಲ್ಲ’ ಎಂದು ಪ್ರಾಮಾಣಿಕವಾಗಿ ಹೇಳಬೇಕು. ಒಂದು ಲಕ್ಷ ಬೆಲ್ಲುಗಳಲ್ಲಿ 99,900ಕ್ಕಿಂತ ಹೆಚ್ಚನ್ನು ಯಾರೂ ತಮ್ಮದೆನ್ನದಿದ್ದರೆ ಕರ್ನಲ್ ಬೇಸತ್ತು, ‘ನೋಬಡಿ ಕೇರ್ಡ್’ ಎಂದು ಬರೆದು ಆ ಬೆಲ್ಲಿನ ತಂತಿಯನ್ನೇ ಬಂದ್ ಮಾಡುತ್ತದೆ. ಯಾರಿಗೂ ಬೇಕಾಗಲಿಲ್ಲ! ಯಂತ್ರದ ಬಾಯಲ್ಲಿ ಇಷ್ಟು ಮನುಷ್ಯರ ಮಾತು ಅಪರೂಪ. ಬಂದ್ ಆದ ಮೇಲೆ ಅದೇ ತಂತಿಯಲ್ಲಿದ್ದ ತಪ್ಪಿಲ್ಲದ ಸಾಧನವೂ ಮೂಕವಾಗುತ್ತದೆ.

ಬಂದ ಕ್ರಮ, ಹೋಗುವ ಕ್ರಮವನ್ನೂ ನೋಡಬೇಕು. ಬೆಲ್ ಜೋಡಿಸಿದ ಮರುಕ್ಷಣವೇ ಅದು ಹೊಡೆಯಬಹುದು. ಆದ್ದರಿಂದ ಲೆಡ್ಜರ್ ಸಿದ್ಧವಾಗುವ ಮೊದಲು ಬೆಲ್ ಜೋಡಿಸಬಾರದು. ಮುಚ್ಚುವಾಗ ಮೊದಲು ಬೆಲ್ ಬಿಚ್ಚಬೇಕು, ಆಮೇಲೆ ಲೆಡ್ಜರ್ ಎತ್ತಿಡಬೇಕು. ಇನ್ನು ಕಾರ್ಡನ್ನು ಯಾರೋ ಕಿತ್ತರು ಎನ್ನೋಣ. ಆಗ ಪಿಸಿಐ ಸಾಧನದಿಂದ ಏನು ಓದಿದರೂ ಎಲ್ಲ ಬಿಟ್‌ಗಳೂ 1 ಎಂದೇ ಬರುತ್ತವೆ. ‘ಎಲ್ಲ ಕೆಲಸವೂ ಬಾಕಿ ಇದೆ’ ಎಂದು ತಿಳಿದ ಹ್ಯಾಂಡ್ಲರ್, ಕೆಲಸ ಮುಗಿಯುವವರೆಗೆ ಬಿಡುವುದಿಲ್ಲ ಎಂದು ಕುಳಿತರೆ ಅದು ಮುಗಿಯುವುದೇ ಇಲ್ಲ.

ಬೆಲ್ ಅತಿಯಾದರೂ ಕಷ್ಟ. ನೆಟ್‌ವರ್ಕಿನಲ್ಲಿ ಪ್ಯಾಕೆಟ್ಟುಗಳ ಪ್ರವಾಹ ಬಂದಾಗ ಪ್ರೊಸೆಸರ್ ಬರೀ ಬೆಲ್ಲಿಗೆ ಎದ್ದು ಎದ್ದೇ ಸುಸ್ತಾಗಿ, ಬಂದ ಒಂದು ಪ್ಯಾಕೆಟ್ಟನ್ನೂ ಪೂರ್ತಿ ವಿಲೇವಾರಿ ಮಾಡಲಾಗದ ಸ್ಥಿತಿಯನ್ನು 1996ರಲ್ಲಿ ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್ ತಮ್ಮ ಪ್ರಬಂಧದಲ್ಲಿ ವಿವರಿಸಿ ಪರಿಹಾರವನ್ನೂ ಕೊಟ್ಟರು. ರಾಮಕೃಷ್ಣನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್. ಓದಿದವರು ಎಂಬುದು ಕನ್ನಡಿಗರಿಗೆ ಸಂತಸದ ವಿಷಯ. ಜನಸಂದಣಿ ಇರುವಾಗ ಬೆಲ್ ಬಂದ್ ಮಾಡಿ ಸರದಿಯಲ್ಲಿ ನೋಡು, ಸರದಿ ಕರಗಿದ ಮೇಲೆ ಮತ್ತೆ ಬೆಲ್ ಶುರು ಮಾಡು ಎಂಬುದು ಅದರ ಸಾರ. ಲಿನಕ್ಸ್‌ನ ‘ನ್ಯಾಪಿ’ ಎಂಬ ಏರ್ಪಾಡು ನಡೆಯುವುದೂ ಈ ದಾರಿಯಲ್ಲೇ. ಓದುವವರ ಬೆರಳು ಇಲ್ಲಿ ನಿಲ್ಲುವುದು ಒಂದೇ ಕಡೆ: ‘ಸರದಿ ಖಾಲಿ’ ಎಂದು ಕಂಡದ್ದಕ್ಕೂ ಬೆಲ್ ಶುರು ಮಾಡಿದ್ದಕ್ಕೂ ನಡುವೆ ಒಬ್ಬ ಗಿರಾಕಿ ಬಂದು ನಿಂತರೆ ಅವನನ್ನು ನೋಡುವವರು ಯಾರು?

ಹೆಸರು ಹಾಕುವುದು

ಕರ್ನಲ್‌ನಲ್ಲಿ ಬದಲಾವಣೆಯೊಂದು ಸೇರುವಾಗ ಬರೆದವರ ಹೆಸರಿನ ಕೆಳಗೆ ‘ರಿವ್ಯೂಡ್-ಬೈ’ ಎಂದು ಓದಿದವರ ಹೆಸರೂ ಶಾಶ್ವತವಾಗಿ ದಾಖಲಾಗುತ್ತದೆ. ಹಾಗೆ ಹೆಸರು ಹಾಕುವುದರ ಅರ್ಥವೇನೆಂದು ಕರ್ನಲ್‌ನ ನಿಯಮಾವಳಿಯಲ್ಲಿ ಬರೆದಿಟ್ಟಿದ್ದಾರೆ. ತಾಂತ್ರಿಕವಾಗಿ ಪರಿಶೀಲಿಸಿದ್ದೇನೆ, ಕಂಡ ದೋಷಗಳನ್ನು ಬರೆದವರಿಗೆ ತಿಳಿಸಿದ್ದೇನೆ, ಅವರ ಉತ್ತರ ತೃಪ್ತಿಕರವಾಗಿದೆ, ಆದರೆ ಇದು ಎಲ್ಲ ಸಂದರ್ಭದಲ್ಲೂ ಸರಿಯಾಗಿ ನಡೆಯುತ್ತದೆ ಎಂಬ ಗ್ಯಾರಂಟಿ ಕೊಡುತ್ತಿಲ್ಲ ಎಂಬುದು ಅದರ ತಾತ್ಪರ್ಯ. ಬ್ಯಾಂಕಿನ ಚೆಕಿಂಗ್ ಆಫೀಸರಿಗೂ ಇಂತಹ ಒಂದು ವಾಕ್ಯ ಇದ್ದಿದ್ದರೆ ಎಷ್ಟೋ ವಿಚಾರಣೆಗಳು ಬೇರೆಯಾಗಿ ಮುಗಿಯುತ್ತಿದ್ದವು.

ತಮ್ಮ ಕೋಡಿನ ಮೇಲೆ ಹತ್ತು ಟಿಪ್ಪಣಿ ಬಂದಾಗ ಹೊಸ ಹುಡುಗ ಹುಡುಗಿಯರಿಗೆ ಬೇಸರವಾಗುವುದು ಸಹಜ. ಮನೆಗೆ ಫೋನ್ ಮಾಡಿ ‘ಅಪ್ಪಾ, ನಾನು ಬರೆದದ್ದೆಲ್ಲ ತಪ್ಪಂತೆ’ ಎನ್ನುವವರೂ ಉಂಟು. ಆದರೆ ಆ ಟಿಪ್ಪಣಿ ಬರೆದವರು ತಮ್ಮ ಅರ್ಧ ದಿನವನ್ನು ಬೇರೆಯವರ ಕೋಡಿಗೆ ಕೊಟ್ಟಿರುತ್ತಾರೆ. ಅದಕ್ಕೆ ಚಪ್ಪಾಳೆಯಿಲ್ಲ. ಹಿಡಿದ ತಪ್ಪು ನಡೆಯಲೇ ಇಲ್ಲವಾದ್ದರಿಂದ ತೋರಿಸಲು ಏನೂ ಇರುವುದಿಲ್ಲ.

ಓದಿ ಮುಗಿದದ್ದನ್ನು ಮತ್ತೆ ಓದಬೇಕಾಗಿ ಬರುವುದೂ ಉಂಟು. ಗಡಿಯಾರದಷ್ಟು ಕರಾರುವಾಕ್ಕಾಗಿ ನಡೆಯಬೇಕಾದ ಯಂತ್ರಗಳಿಗೆಂದು ಸುಮಾರು 20 ವರ್ಷ ಪ್ರತ್ಯೇಕವಾಗಿ ಬೆಳೆದ ‘ಪ್ರಿಎಂಪ್ಟ್ ಆರ್‌ಟಿ’ ಎಂಬ ಬದಲಾವಣೆ 2024ರ ನವೆಂಬರಿನಲ್ಲಿ ಹೊರಬಂದ ಲಿನಕ್ಸ್ 6.12ರಲ್ಲಿ ಮುಖ್ಯ ಕರ್ನಲ್ ಸೇರಿತು. ಅದನ್ನು ಆರಿಸಿಕೊಂಡಾಗ ಹೆಚ್ಚಿನ ಹ್ಯಾಂಡ್ಲರುಗಳು ಸಾಮಾನ್ಯ ಕೆಲಸದಂತೆ ಸರದಿಯಲ್ಲಿ ನಡೆಯುತ್ತವೆ, ಸುತ್ತುತ್ತ ಕಾಯುತ್ತಿದ್ದ ಸ್ಪಿನ್‌ಲಾಕ್ ಮಲಗಿ ಕಾಯುವ ಬೀಗವಾಗುತ್ತದೆ. ಹಳೆಯ ಡ್ರೈವರುಗಳಲ್ಲಿ ಕೆಲವರು ಒಂದು ಸಾಲಿನಲ್ಲಿ ಬೆಲ್ ಬಂದ್ ಮಾಡಿ, ಮುಂದಿನ ಸಾಲಿನಲ್ಲಿ ಬೇರೆಯಾಗಿ ಬೀಗ ಹಿಡಿದಿದ್ದಾರೆ. ಹಳೆಯ ಕರ್ನಲ್‌ನಲ್ಲಿ ಅದು ಸರಿಯೇ ಇತ್ತು, ಓದಿದವರು ಹೆಸರು ಹಾಕಿದ್ದೂ ಸರಿ. ಹೊಸ ಏರ್ಪಾಡಿನಲ್ಲಿ ಅದೇ ಎರಡು ಸಾಲು ಬೆಲ್ ಬಂದ್ ಮಾಡಿಕೊಂಡು ಮಲಗಿದಂತೆ. ಹಾಗೆ ಬರೆದ ಡ್ರೈವರುಗಳನ್ನು ಮತ್ತೆ ತೆಗೆದು, ಮೊದಲ ಸಾಲಿನಿಂದ ಓದಬೇಕಾಗಿದೆ.